ಬಚ್ಚಲೊಲೆಯ ಹೊಗೆ ಪೈಪು ಕ್ಲೀನ್ ಮಾಡುವವರು ತೀರ್ಥಹಳ್ಳಿ ಕಡೆ ಯಾರಾದರೂ ಇದ್ದಾರಾ?

ದರೆಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಮೇನ್ ರೋಡಿನಿಂದ ಒಳಗೆ ಇರುವ ಹಂಚಿನ ಮನೆ. ಬಚ್ಚಲಲ್ಲಿ ಹಂಡೆ ಒಲೆ, ಅಡುಗೆಮನೆಯಲ್ಲಿ ಅತ್ತೆ ಕಾಲದ ಅಸ್ತ್ರ ಒಲೆ (3 ಪಾತ್ರೆ ಇಡುವ ಸೌದೆ ಒಲೆ). ಎರಡಕ್ಕೂ ಮಾಡಿನ ಮೇಲೆ ಹೋಗುವ ಸಿಮೆಂಟ್ ಪೈಪು ಇದೆ. ಇತ್ತೀಚೆಗೆ ಬಚ್ಚಲೊಲೆಯ ಹೊಗೆ ಮೇಲೆ ಹೋಗುವುದಕ್ಕಿಂತ ಒಳಗೆ ಬರುವುದೇ ಜಾಸ್ತಿ. ಪೈಪಿನ ಬುಡದಲ್ಲಿ ಕಪ್ಪು ನೀರು ಜಿನುಗಿ ಗೋಡೆಗೆ ಇಳಿದಿದೆ. ಒರೆಸಿದರೂ ಹೋಗುವುದಿಲ್ಲ, ಮೇಲಿಂದ ಸುಣ್ಣ ಬಳಿದರೂ ಮತ್ತೆ ಹಳದಿಯಾಗಿ ಎದ್ದು ಕಾಣುತ್ತದೆ.

ಮೊಬೈಲಲ್ಲಿ ಚಿಮಣಿ ಕ್ಲೀನಿಂಗ್ ಶಿವಮೊಗ್ಗ ಅಂತ ಹುಡುಕಿದರೆ ಬರುವುದೆಲ್ಲ ಗ್ಯಾಸ್ ಸ್ಟೌ ಮೇಲೆ ಕೂರಿಸುವ ಕರೆಂಟ್ ಚಿಮಣಿಯವರು. ಒಬ್ಬರಿಗೆ ಫೋನ್ ಮಾಡಿ ಹಂಡೆ ಒಲೆ ಅಂದೆ. "ಅದು ಯಾವ ಕಂಪನಿದು ಮೇಡಂ?" ಅಂತ ಕೇಳಿದರು.

ಈ ಕೆಲಸವನ್ನೇ ಮಾಡುವವರು ಯಾರಾದರೂ ಇದ್ದಾರಾ? ಮಳೆ ಹಿಡಿಯುವುದರೊಳಗೆ ಆಗಬೇಕಿತ್ತು.

ತುಂಗಾತೀರ
ಹಂಡೆ ಯಾವ ಕಂಪನಿದು 😂 ಅಕ್ಕಾ, ಅವರನ್ನು ಕರೆಯದೆ ಇದ್ದಿದ್ದೇ ಒಳ್ಳೆಯದಾಯಿತು. ನಾನು ವಿನೋಬನಗರದಲ್ಲಿರುವುದು, ನಮ್ಮದು ಕರೆಂಟ್ ಚಿಮಣಿಯೇ. ಸರ್ವಿಸಿಗೆ ಬಂದವನು ಮೋಟರ್ ಸುಟ್ಟಿದೆ, ಹೊಸದು ಹಾಕಬೇಕು ಅಂದ. ಪಕ್ಕದ ರಸ್ತೆಯ ಮಿಕ್ಸಿ ರಿಪೇರಿಯವರು ಬಂದು ನೋಡಿ ಕೆಪಾಸಿಟರ್ ಬದಲಿಸಿದರು, ಇವತ್ತಿಗೂ ಓಡುತ್ತಿದೆ. ಅದರ ಜಾಲರಿ ಬಿಚ್ಚಿ ಬಿಸಿ ನೀರಿಗೆ ಅಡುಗೆ ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೆನೆಸಿಟ್ಟರೆ ಮುಗಿಯಿತು. ಅಷ್ಟಕ್ಕೆ ಯಾರೂ ಬರಬೇಕಾಗಿಲ್ಲ. ಆಟೋ ಕ್ಲೀನ್ ಅಂತ ಬರೆದಿದ್ದರೂ ಎಣ್ಣೆ ಬಟ್ಟಲು ನಾವೇ ಚೆಲ್ಲಬೇಕು, ಹಿಂದಿನ ಪೈಪಿನ ಜಿಡ್ಡು ನಾವೇ ನೋಡಬೇಕು. ಸೌದೆ ಒಲೆ ವಿಷಯ ನನಗೆ ಗೊತ್ತಿಲ್ಲ. ಗೊತ್ತಿರುವವರು ಹೇಳಿ.

ದೋಟಿ
ಇದಕ್ಕೆಲ್ಲ ಜನ ಯಾಕೆ ಮಾರಾಯ್ರೆ. ನಮ್ಮ ಅಜ್ಜನ ಕಾಲದಲ್ಲಿ ಪೈಪೇ ಇರಲಿಲ್ಲ. ಹೊಗೆ ಹಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಮಾಡಿನ ಮರ, ಪಕಾಸು, ರೀಪು ಎಲ್ಲ ಕಪ್ಪಗೆ ಗಟ್ಟಿಯಾಗಿ ಇವತ್ತಿಗೂ ಹುಳ ಹಿಡಿದಿಲ್ಲ. ಒಲೆ ಮೇಲಿನ ಅಟ್ಟದಲ್ಲಿ ಕಾಯಿ, ವಾಟೆಹುಳಿ ಎಲ್ಲ ಒಣಗುತ್ತಿತ್ತು. ಪೈಪು ಹಾಕಿಸಿದ ಮೇಲೇ ಈ ರಗಳೆ ಶುರು.

ಶೃಂಗೇರಿ_ಸೊಸೆ
ದೋಟಿಯವರೇ, ಆ ಹೊಗೆ ಕುಡಿದಿದ್ದು ಅಜ್ಜ ಅಲ್ಲ, ಅಜ್ಜಿ. ನಮ್ಮತ್ತೆಯ ಕೆಮ್ಮು ಪೈಪು ಹಾಕಿಸಿದ ಮೇಲೇ ಕಡಿಮೆ ಆಗಿದ್ದು. ರೀಪಿಗೆ ಹುಳ ಹಿಡಿದರೆ ಔಷಧಿ ಹೊಡೆಯಬಹುದು.

ಗಾರೆಯವ
ದರೆಮನೆ ಅಕ್ಕ, ನಾನು ಸಾಗರದವನು. ಗಾರೆ ಕೆಲಸ, ಜೊತೆಗೆ ಒಲೆ ಕಟ್ಟುವ ಕೆಲಸ. ಕಪ್ಪು ನೀರು ಅಂದಿರಲ್ಲ, ಅದಕ್ಕೆ ಕಾರಣ ಎರಡು ಇರಬಹುದು. ಹಂಚು ಮತ್ತು ಪೈಪು ಸೇರುವ ಜಾಗದಲ್ಲಿ ಗಾರೆ ಬಿರಿದು ಮಳೆನೀರು ಇಳಿದು ಮಸಿ ಕರಗಿಸಿಕೊಂಡು ಬರುತ್ತಿರಬಹುದು. ಇಲ್ಲವಾದರೆ ಅದು ಮಳೆನೀರೇ ಅಲ್ಲ, ಹೊಗೆಯ ನೀರು. ಮಳೆ ಬಾರದ ದಿನವೂ ಜಿನುಗುತ್ತದಾ ನೋಡಿ. ಜಿನುಗಿದರೆ ಎರಡನೆಯದ್ದು, ಆಗ ಪೈಪಿನ ಒಳಗೆ ಅಂಟು ಕಟ್ಟಿದೆ ಅಂತಲೇ ಲೆಕ್ಕ.

ಇನ್ನೊಂದು. ಪೈಪು ನೇರ ಹೋಗಿದೆಯಾ, ನಡುವೆ ಬೆಂಡ್ ಇದೆಯಾ? ಬೂದಿ ತೆಗೆಯುವ ಕಿಂಡಿ ಬುಡದಲ್ಲಿ ಇದೆಯಾ? ಸೌದೆ ಯಾವುದು?

ದರೆಮನೆ
ಜಿನುಗುತ್ತದೆ ಅಣ್ಣಾ. ಮೊನ್ನೆ ಬಿಸಿಲಿದ್ದಾಗಲೂ ಇತ್ತು. ಗೋಡೆ ದಾಟುವಲ್ಲಿ ಒಂದು ಬೆಂಡ್ ಇದೆ. ಕಿಂಡಿ ಇಲ್ಲ. ಸೌದೆ ತೋಟದ್ದೇ. ಅಡಿಕೆ ಮರದ ತುಂಡು, ತೆಂಗಿನ ಮಡ್ಲು, ಹೋದ ವರ್ಷ ಗಾಳಿಗೆ ಬಿದ್ದ ಹಲಸು. ಬೆಳಿಗ್ಗೆ ಒಂದು ದಪ್ಪ ಕೊರಡು ನೂಕಿಟ್ಟರೆ ಸಂಜೆ ತನಕ ನೀರು ಬಿಸಿ ಇರುತ್ತದೆ.

ಸೈನ್ಸ್_ಮೇಷ್ಟ್ರು
ಅಲ್ಲೇ ಇದೆ ನೋಡಿ ವಿಷಯ. ಬೆಳಿಗ್ಗೆ ನೂಕಿದ ಕೊರಡು.

ಸೌದೆ ಚೆನ್ನಾಗಿ ಉರಿದರೆ ಹೊಗೆಯಲ್ಲಿರುವ ಡಾಂಬರಿನಂಥ ಅಂಶವೂ ಸುಟ್ಟುಹೋಗುತ್ತದೆ. ಕೊರಡು ಬುಸುಬುಸು ಅಂತ ಹೊಗೆಯಾಡುತ್ತಾ ಇದ್ದರೆ ಅದು ಸುಡದೆ ಆವಿಯಾಗಿ ಪೈಪಿಗೆ ಹೋಗುತ್ತದೆ. ಪೈಪಿನ ಒಳಮೈ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಆವಿ ಅಲ್ಲೇ ತಣಿದು ಅಂಟುತ್ತದೆ. ಇದಕ್ಕೆ ಕ್ರಿಯೋಸೋಟ್ ಅಂತ ಹೆಸರು. ಹಂಡೆ ಒಲೆಯಲ್ಲಿ ಇದು ಇನ್ನೂ ಜಾಸ್ತಿ. ಬೆಂಕಿಯ ನೆತ್ತಿಯ ಮೇಲೆ ತಣ್ಣೀರಿನ ಹಂಡೆ ಕೂತಿರುತ್ತದಲ್ಲ, ಉರಿಯ ಬಿಸಿಯೆಲ್ಲ ನೀರಿಗೆ ಹೋಗಿ ಹೊಗೆ ತಣ್ಣಗಾಗಿ ಪೈಪು ಸೇರುತ್ತದೆ. ಮೇಲೆ ನಮ್ಮ ಮಳೆಗಾಲದ ಥಂಡಿ. ಹಸಿ ಸೌದೆಯಾದರೆ ಅದರ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಅದನ್ನು ಆವಿ ಮಾಡುವುದಕ್ಕೇ ಬೆಂಕಿಯ ಶಕ್ತಿ ಮುಗಿಯುತ್ತದೆ.

ಅಂಟಿದ್ದು ಮೂರು ಥರ ಇರುತ್ತದೆ. ಮೊದಲು ಪುಡಿ ಮಸಿ, ಬ್ರಷ್ ಹಾಕಿದರೆ ಉದುರುತ್ತದೆ. ಆಮೇಲೆ ಕಪ್ಪು ಚಕ್ಕೆ, ಸ್ವಲ್ಪ ಕೆರೆಯಬೇಕು. ಕೊನೆಗೆ ಜೋನಿ ಬೆಲ್ಲ ಗಟ್ಟಿಯಾದ ಹಾಗೆ ಹೊಳೆಯುವ ಪದರ. ಅದಕ್ಕೆ ಬ್ರಷ್ ಹತ್ತುವುದೇ ಇಲ್ಲ. ಬೆಂಕಿ ಹಿಡಿದರೆ ಎಲ್ಲಕ್ಕಿಂತ ಜೋರಾಗಿ ಉರಿಯುವುದೂ ಅದೇ. ಪೈಪಿನೊಳಗಿನ ಬೆಂಕಿ 1000 ಡಿಗ್ರಿ ದಾಟಬಹುದು. ಸಿಮೆಂಟ್ ಪೈಪು ಅಷ್ಟನ್ನು ತಡೆಯುವುದಿಲ್ಲ, ಸಿಡಿಯುತ್ತದೆ.

ಕೆಮ್ಮಣ್ಣು
ಮೇಷ್ಟ್ರೇ, ಪೈಪಿಗೆ ಬೆಂಕಿ ಹಿಡಿದಿದ್ದು ಗೊತ್ತಾಗುವುದು ಹೇಗೆ? ನಮ್ಮದು ಹೋಂಸ್ಟೇ. ಹಾಲಿನಲ್ಲಿ ಅತಿಥಿಗಳು ಚಳಿ ಕಾಯಿಸಲಿ ಅಂತ ಬೆಂಕಿಗೂಡು ಕಟ್ಟಿಸಿದ್ದೇವೆ. ಸಿನಿಮಾದಲ್ಲಿ ಇರುವ ಹಾಗೆ ದೊಡ್ಡ ಬಾಯಿ. ಮೊದಲ ಸೀಸನ್ನಿನಿಂದಲೂ ಹೊಗೆ ಹಾಲಿಗೇ ಬರುತ್ತದೆ.

ಸೈನ್ಸ್_ಮೇಷ್ಟ್ರು
ಗುರ್ರ್ ಅಂತ ಒಂದೇ ಸಮ ಗಾಳಿ ಎಳೆಯುವ ಸದ್ದು ಬರುತ್ತದೆ. ಮೇಲಿಂದ ಕಿಡಿ ಹಾರುತ್ತದೆ. ತಗಡಿನ ಪೈಪಾದರೆ ಕೆಂಪಗೆ ಕಾಯುತ್ತದೆ. ಕೆಲವು ಸಲ ಸದ್ದಿಲ್ಲದೆ ನಿಧಾನಕ್ಕೆ ಉರಿದು ಆರಿಹೋಗುವುದೂ ಉಂಟು. ಪೈಪು ಬಿರುಕು ಬಿಟ್ಟಿದ್ದು ಆಮೇಲೆ ಯಾವಾಗಲೋ ಗೊತ್ತಾಗುತ್ತದೆ.

ಹಾಗೇನಾದರೂ ಆದರೆ ಮೊದಲು ಎಲ್ಲರೂ ಹೊರಗೆ. 112ಕ್ಕೆ ಫೋನ್. ಒಲೆಯ ಬಾಯಿಯನ್ನು ತಗಡಿನಿಂದ ಮುಚ್ಚಲು ಆದರೆ ಮುಚ್ಚಿ, ಗಾಳಿ ನಿಂತರೆ ಉರಿ ಇಳಿಯುತ್ತದೆ. ಪೈಪಿಗೆ ಮೇಲಿಂದ ಕೊಡ ನೀರು ಸುರಿಯಬೇಡಿ. ಕಾದ ಪೈಪು ಒಡೆದು ಬೆಂಕಿ ಅಟ್ಟಕ್ಕೆ ಬರುತ್ತದೆ. ನಮ್ಮ ಅಟ್ಟಗಳಲ್ಲಿ ಏನಿರುತ್ತದೆ ಅಂತ ನಿಮಗೇ ಗೊತ್ತು. ಗೋಣಿಚೀಲ, ಹಾಳೆ, ಹಳೇ ಪೇಪರು, ಹೋದ ವರ್ಷದ ಅಡಿಕೆ.

ಗಾರೆಯವ
ಕೆಮ್ಮಣ್ಣು ಅವರೇ, ನಿಮ್ಮದು ಕ್ಲೀನಿಂಗ್ ಸಮಸ್ಯೆ ಅಲ್ಲ, ಕಟ್ಟಿದ್ದೇ ಹಾಗೆ. ಬಾಯಿ ಎಷ್ಟು ಅಗಲ ಎತ್ತರ ಇದೆಯೋ ಗುಣಿಸಿ. ಅದರ ಹತ್ತರಲ್ಲಿ ಒಂದು ಪಾಲಾದರೂ ಹೊಗೆ ದಾರಿ ಇರಬೇಕು. 3 ಅಡಿ ಅಗಲ, ಎರಡೂವರೆ ಅಡಿ ಎತ್ತರದ ಬಾಯಿಗೆ 4 ಇಂಚಿನ ಪೈಪು ಹಾಕಿದರೆ ಹೊಗೆ ಇನ್ನೆಲ್ಲಿಗೆ ಹೋಗಬೇಕು? ಬಾಯಿಯನ್ನು ಮೇಲಿಂದ ಇಟ್ಟಿಗೆ ಇಟ್ಟು ತಗ್ಗಿಸಿ ನೋಡಿ, ಕಡಿಮೆ ಖರ್ಚಿನ ದಾರಿ ಅದೇ.

ಎತ್ತರದ ಲೆಕ್ಕವೂ ಒಂದಿದೆ. ಪೈಪು ಮಾಡಿನಿಂದ ಹೊರಬರುವ ಜಾಗದಿಂದ 3 ಅಡಿಯಾದರೂ ಮೇಲಿರಬೇಕು. ಸುತ್ತ 10 ಅಡಿಯೊಳಗೆ ಏನೇ ಇದ್ದರೂ, ಮಾಡಿನ ನೆತ್ತಿಯ ಕೋಳೇ ಇರಲಿ, ಅದಕ್ಕಿಂತ 2 ಅಡಿ ಮೇಲೆ ಇರಬೇಕು. ದರೆಮನೆ ಅಕ್ಕ, ನಿಮ್ಮ ಹೆಸರಲ್ಲೇ ದರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇದೆ. ಮನೆ ಹಿಂದೆ ದರೆ, ಅದರ ಮೇಲೆ ತೋಟ ಇದ್ದರೆ ಗಾಳಿ ಅಲ್ಲಿಂದ ಕೆಳಗೆ ಬಂದು ಪೈಪಿನ ಬಾಯಿಗೇ ಬಡಿಯುತ್ತದೆ. ಕ್ಲೀನಾಗಿರುವ ಪೈಪೂ ಹೊಗೆ ವಾಪಸ್ ಉಗುಳುತ್ತದೆ.

ದರೆಮನೆ
ಹೌದಣ್ಣಾ, ಹಿಂದೆ ಆಳೆತ್ತರಕ್ಕಿಂತ ಜಾಸ್ತಿ ದರೆ. ಮೇಲೆ ಅಡಿಕೆ. ಆದರೆ ದರೆ, ತೋಟ ಎರಡೂ ಮೊದಲಿಂದಲೂ ಇವೆ. ಹೊಗೆ ಶುರುವಾಗಿದ್ದು ಈಗ.

ಕೊಪ್ಪದ_ಹುಡುಗ
ನಾನು ಕೊಪ್ಪದವನು, ಈಗ ಜರ್ಮನಿಯಲ್ಲಿದ್ದೇನೆ. ಇಲ್ಲಿನ ಕ್ರಮ ಕೇಳಿದರೆ ನಗು ಬರಬಹುದು, ಆದರೂ ಹೇಳುತ್ತೇನೆ. ಇಲ್ಲಿ ಚಿಮಣಿ ಗುಡಿಸುವುದು ಕಾನೂನು. ಪ್ರತಿ ವಲಯಕ್ಕೂ ಸರ್ಕಾರ ನೇಮಿಸಿದ ಒಬ್ಬರು ಇರುತ್ತಾರೆ. ಅವರು 7 ವರ್ಷದಲ್ಲಿ 2 ಸಲ ಮನೆಗೆ ಬಂದು ಒಲೆ, ಪೈಪು ಎಲ್ಲ ನೋಡಿ, ನೀವು ವರ್ಷಕ್ಕೆ ಎಷ್ಟು ಸಲ ಗುಡಿಸಬೇಕು ಅಂತ ಬರೆದು ಕೊಡುತ್ತಾರೆ. ಅಪರೂಪಕ್ಕೆ ಉರಿಸುವ ಒಲೆಗೆ ವರ್ಷಕ್ಕೆ 1 ಸಲ. ವರ್ಷಪೂರ್ತಿ ಉರಿಸುವ ಸೌದೆ ಒಲೆಗೆ 4 ಸಲ. ನಮ್ಮ ಬಚ್ಚಲೊಲೆ ಈ ಎರಡನೇ ಲೆಕ್ಕಕ್ಕೇ ಬರುತ್ತದೆ, ಅಲ್ವಾ? 2013ರಿಂದ ಗುಡಿಸುವ ಕೆಲಸವನ್ನು ಬೇರೆ ಲೈಸೆನ್ಸ್ ಇರುವವರಿಂದಲೂ ಮಾಡಿಸಬಹುದು, ನೋಡಿ ಬರೆದುಕೊಡುವುದು ಮಾತ್ರ ಆ ವಲಯದವರದ್ದೇ.

ಅಮೆರಿಕದಲ್ಲಿ ಎನ್‌ಎಫ್‌ಪಿಎ 211 ಅಂತ, ಅಲ್ಲಿನ ಅಗ್ನಿ ಸುರಕ್ಷತಾ ಸಂಘದ ಒಂದು ಮಾನದಂಡ ಇದೆ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಅನ್ನುತ್ತದೆ. ತಪಾಸಣೆಯಲ್ಲಿ 3 ಹಂತ. ಕಣ್ಣಿಗೆ ಕಾಣುವುದನ್ನು ನೋಡುವುದು ಮೊದಲನೆಯದು. ಮನೆ ಮಾರುವಾಗ, ಒಲೆ ಬದಲಿಸಿದಾಗ, ಬೆಂಕಿ ಬಿದ್ದ ಮೇಲೆ ಒಳಗೆ ಕ್ಯಾಮೆರಾ ಬಿಟ್ಟು ನೋಡುವುದು ಎರಡನೆಯದು. ಅನುಮಾನ ಬಲವಾಗಿದ್ದರೆ ಗೋಡೆ ಒಡೆದೇ ನೋಡುವುದು ಮೂರನೆಯದು. ಅಂಟು 3 ಮಿಲಿಮೀಟರ್ ದಪ್ಪ ಆದರೆ ಗುಡಿಸಬೇಕು ಅಂತ ಅಲ್ಲಿನ ವೃತ್ತಿಯವರು ಹೇಳುತ್ತಾರೆ.

ಇಲ್ಲಿ ಹೊಸ ವರ್ಷದ ದಿನ ಚಿಮಣಿಯವರು ಎದುರು ಬಂದರೆ ಶುಭಶಕುನ. ನಮ್ಮಲ್ಲಿ ಮಸಿ ಮೆತ್ತಿಕೊಂಡವರು ಎದುರು ಬಂದರೆ ಮನೆಗೆ ವಾಪಸ್ ಹೋಗುತ್ತಾರೆ 🙂

ದೋಟಿ
ಜರ್ಮನಿಯವರು ಬಂದು ಹಂಡೆ ಒಲೆ ನೋಡಲಿ, ಊಟಕ್ಕೆ ಕಡುಬು ಮಾಡಿಸೋಣ. ಅಲ್ಲಿಯ ತನಕ ನನ್ನ ಉಪಾಯ ಕೇಳಿ. ಅಡಿಕೆ ಕೊಯ್ಯುವ ದೋಟಿ ಮನೆಯಲ್ಲೇ ಇದೆ. ತುದಿಗೆ ತಂತಿ ಬ್ರಷ್ ಕಟ್ಟಿ, ಮಾಡು ಹತ್ತಿ ಮೇಲಿಂದ ಬಿಟ್ಟರೆ ಆಯಿತು. ದೋಟಿ ಬೇಕಾದಷ್ಟು ಉದ್ದ ಆಗುತ್ತದೆ. ಬೇರೆ ಜನ ಬೇಡ, ಖರ್ಚೂ ಇಲ್ಲ.

ಕರೆಂಟ್_ಕಂಬ
ಬೇಡಿ ಬೇಡಿ. ಹೊಸ ದೋಟಿಗಳೆಲ್ಲ ಕಾರ್ಬನ್ ಫೈಬರ್. ಅದರಲ್ಲಿ ಕರೆಂಟ್ ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯ ಕಥೆಯೂ ಅಷ್ಟೇ. ತೋಟದಲ್ಲಿ ಲೈನಿಗೆ ತಾಗಿಸಿಕೊಂಡು ಜನ ಸತ್ತಿದ್ದು ಪೇಪರಲ್ಲಿ ಓದುತ್ತಲೇ ಇರುತ್ತೇವೆ. ಹೆಚ್ಚಿನ ಮನೆಗಳಲ್ಲಿ ಸರ್ವಿಸ್ ವೈರು ಬಚ್ಚಲಿನ ಮಾಡಿನ ಮೇಲೇ ಹಾದು ಬಂದಿರುತ್ತದೆ. ಪಾಚಿ ಹಿಡಿದ ಹಂಚಿನ ಮೇಲೆ ನಿಂತು ಉದ್ದ ದೋಟಿ ಎತ್ತುವುದು ಅಂದರೆ ಕೇಳಿದರೇ ಎದೆ ಝಲ್ ಅನ್ನುತ್ತದೆ.

ದೋಟಿ
ಸರಿ ಸರಿ. ಉಪಾಯ ವಾಪಸ್. ಹೆಸರು ಮಾತ್ರ ಬದಲಿಸುವುದಿಲ್ಲ.

ಗಾರೆಯವ
ತಂತಿ ಬ್ರಷ್ ವಿಷಯಕ್ಕೂ ಸ್ವಲ್ಪ ತಡೆಯಿರಿ. ಅಕ್ಕ ಹೇಳಿದ್ದು ಹಳೇ ಸಿಮೆಂಟ್ ಪೈಪು. ಆ ಕಾಲದ ಪೈಪಿನಲ್ಲಿ ಹೆಚ್ಚಾಗಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒಣಗಿದ್ದಾಗ ತಂತಿಯಲ್ಲಿ ಉಜ್ಜಿದರೆ ಅದರ ನಾರು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಹೋಗುತ್ತದೆ. ತಂತಿ ಬ್ರಷ್ ಇರುವುದು ಇಟ್ಟಿಗೆ ಗೂಡಿಗೆ. ಸ್ಟೀಲ್ ಪೈಪಿಗೆ ನೈಲಾನ್ ಬ್ರಷ್. ಕಲ್ನಾರಿನ ಪೈಪು ತುಂಬಾ ಅಂಟು ಹಿಡಿದಿದ್ದರೆ ನಾನು ಗುಡಿಸುವುದಿಲ್ಲ, ಬದಲಿಸಿ ಅನ್ನುತ್ತೇನೆ.

ಹೋದ ಬೇಸಿಗೆಯಲ್ಲಿ ಹೊಸನಗರ ಕಡೆ ಒಂದು ಮನೆಗೆ ಹೋಗಿದ್ದೆ. ಇದೇ ದೂರು. ಬೆಂಡಿನ ಸುತ್ತ ಗೋಡೆ ಬಿಡಿಸಿ ಟಾರ್ಚ್ ಬಿಟ್ಟು ನೋಡಿದರೆ 4 ಇಂಚಿನ ಪೈಪಿನಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟೇ ತೂತು ಉಳಿದಿತ್ತು. ಸುತ್ತ ಕಪ್ಪು ಗಾಜಿನ ಥರ ಪದರ. ಅದರ ಮಧ್ಯೆ ಅರ್ಧ ಸುಟ್ಟ ಸೈಕಲ್ ಟ್ಯೂಬಿನ ಚೂರು, ಹಾಲಿನ ಕವರು ಕರಗಿ ಅಂಟಿದ್ದು. ಸ್ಕ್ರೂ ಡ್ರೈವರಿನಲ್ಲಿ ಮೀಟಿದರೆ ಟಪ್ ಅಂತ ಚೂರು ಎದ್ದು ಬಂತು, ಮುರಿದ ಜಾಗ ಕನ್ನಡಿಯಂತೆ ಮಿರಿಮಿರಿ. ಆಚೆ ಬದಿಯಲ್ಲಿ ಪಕಾಸು ಪೈಪಿಗೆ ತಾಗಿಕೊಂಡೇ ಇತ್ತು, ಚಾಕುವಿನಲ್ಲಿ ಕೆರೆದರೆ ಮರ ಇದ್ದಿಲಾಗಿ ಉದುರುತ್ತಿತ್ತು. ಮನೆಯವರಿಗೆ ತೋರಿಸಿದೆ. ಅವತ್ತೇ ಒಲೆ ನಿಲ್ಲಿಸಿದರು.

ಸೈನ್ಸ್_ಮೇಷ್ಟ್ರು
ಆ ಪಕಾಸಿನ ವಿಷಯ ಎಲ್ಲರೂ ಗಮನಿಸಬೇಕು. ಮರ ವರ್ಷಗಟ್ಟಲೆ ಬಿಸಿಗೆ ಒಡ್ಡಿಕೊಂಡರೆ ಒಳಗೊಳಗೇ ಇದ್ದಿಲಾಗುತ್ತದೆ. ಹಾಗಾದ ಮರ ಹೊಸ ಮರಕ್ಕಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಇಷ್ಟು ವರ್ಷ ಏನೂ ಆಗಿಲ್ಲ ಅನ್ನುವುದು ಧೈರ್ಯ ತಂದುಕೊಳ್ಳುವ ಮಾತಲ್ಲ. ಅದೇ ಅಮೆರಿಕದ ಮಾನದಂಡದಲ್ಲಿ ಒಂಟಿ ಪದರದ ಲೋಹದ ಪೈಪಿಗೂ ಮರಕ್ಕೂ 18 ಇಂಚು ಅಂತರ ಇರಬೇಕು ಅಂತಿದೆ. ನಮ್ಮಲ್ಲಿ ರೀಪು ಕತ್ತರಿಸಿ ಪೈಪು ತೂರಿಸಿ ಸುತ್ತ ಗಾರೆ ಮೆತ್ತುತ್ತೇವೆ. ಅಷ್ಟೇ.

ಶೃಂಗೇರಿ_ಸೊಸೆ
ಸೈಕಲ್ ಟ್ಯೂಬ್ ಇಲ್ಲದೆ ಆಷಾಢದಲ್ಲಿ ಒಲೆ ಹೊತ್ತಿಸುವುದು ಹೇಗೆ ಅಂತಲೂ ಹೇಳಿ ಮೇಷ್ಟ್ರೇ. ಹೇಳುವುದು ಸುಲಭ.

ಸೈನ್ಸ್_ಮೇಷ್ಟ್ರು
ನ್ಯಾಯವಾದ ಪ್ರಶ್ನೆ. ಕಾಯಿ ಚಿಪ್ಪು, ಒಣ ಸಿಪ್ಪೆ, ಒಣಗಿದ ಅಡಿಕೆ ಹಾಳೆ ಇವನ್ನು ಮಳೆಗಾಲಕ್ಕೆ ಮೊದಲೇ ಒಂದು ಡಬ್ಬಿಯಲ್ಲಿ ಮುಚ್ಚಿಟ್ಟುಕೊಳ್ಳಬೇಕು. ಸೌದೆಯನ್ನು ಬೇಸಿಗೆಯಲ್ಲೇ ಸೀಳಿ ಜೋಡಿಸಬೇಕು. ಸೀಳದ ಕೊರಡು ತೊಗಟೆಯೊಳಗೆ ನೀರು ಹಿಡಿದುಕೊಂಡೇ ಇರುತ್ತದೆ. ಕೊಟ್ಟಿಗೆಯ ಒಂದು ಬದಿ ಗಾಳಿಯಾಡುವಂತೆ ತೆರೆದಿರಲಿ, ಎಲ್ಲ ಕಡೆ ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೂಷ್ಟು ಬರುತ್ತದೆ. ಎರಡು ಸೀಳು ಒಂದಕ್ಕೊಂದು ಬಡಿದು ನೋಡಿ. ಟಣ್ ಅಂದರೆ ಒಣಗಿದೆ, ದಬ್ ಅಂದರೆ ಹಸಿ.

ಕಿಡಿ ಹೊತ್ತಿದ ಮೇಲೆ ಮೊದಲ ಸ್ವಲ್ಪ ಹೊತ್ತು ಜೋರು ಉರಿ ಕೊಡಿ, ಪೈಪು ಬಿಸಿಯಾಗಲಿ. ಕೊರಡು ನೂಕಿಟ್ಟು ಹೊಗೆಯಾಡಲು ಬಿಡಬೇಡಿ. ನೀರು ಬೇಕಾದಾಗ ಜೋರಾಗಿ ಉರಿಸಿ, ಕಾದ ಮೇಲೆ ಆರಿಸಿ. ಸೌದೆಯೂ ಕಡಿಮೆ ಸಾಕು.

ಬೇಣದವ
ಒಂದು ಪ್ರಶ್ನೆ. ಒಲೆಗೆ ಉಪ್ಪು ಹಾಕಿದರೆ, ಆಲೂಗಡ್ಡೆ ಸಿಪ್ಪೆ ಸುಟ್ಟರೆ ಪೈಪು ಕ್ಲೀನಾಗುತ್ತದೆ ಅಂತ ವಿಡಿಯೋ ನೋಡಿದೆ. ನಿಜವಾ?

ಗಾರೆಯವ
ಗಟ್ಟಿ ಪದರಕ್ಕೆ ಏನೂ ಆಗುವುದಿಲ್ಲ. ತಗಡಿನ ಪೈಪಾದರೆ ಉಪ್ಪಿಗೆ ತುಕ್ಕು ಬೇಗ ಹಿಡಿಯುತ್ತದೆ. ಸಿಪ್ಪೆಯನ್ನು ದನಕ್ಕೆ ಹಾಕಿ.

ಬೇಣದವ
ಇನ್ನೊಂದು. ನಮ್ಮ ಹಳೇ ಮನೆಯ ಒಲೆ ತುಂಬಾ ದಿನದಿಂದ ಉರಿಸಿಲ್ಲ. ಪೈಪಿನೊಳಗೆ ತುಡುವೆ ಜೇನು ಕೂತಿದೆ. ಬೆಂಕಿ ಹಾಕಿ ಓಡಿಸಲಾ?

ಶೃಂಗೇರಿ_ಸೊಸೆ
ಅಯ್ಯೋ ಬೇಡಿ. ಮೇಣ ಕರಗಿ ಹೊತ್ತಿಕೊಳ್ಳುತ್ತದೆ. ತುಡುವೆ ಪೆಟ್ಟಿಗೆಗೆ ಬರುತ್ತದೆ, ಜೇನು ಸಾಕುವವರನ್ನು ಕರೆಯಿರಿ, ಅವರೇ ಖುಷಿಯಿಂದ ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಪೈಪಿನ ತಲೆಗೆ ಜಾಲರಿ ಹಾಕಿಸಿ. ತೀರಾ ಸಣ್ಣ ಕಣ್ಣಿನದ್ದು ಬೇಡ, ಮಸಿ ಕಟ್ಟಿ ಮುಚ್ಚಿಹೋಗುತ್ತದೆ.

ತುಂಗಾತೀರ
ಬಚ್ಚಲು ಅಂತ ಮಾತು ಬಂತಲ್ಲ, ಪೇಟೆಯವರಿಗೂ ಒಂದು ಮಾತು. ಹಂಡೆ ತೆಗೆದು ಬಾತ್‌ರೂಮಿನ ಒಳಗೇ ಗ್ಯಾಸ್ ಗೀಸರ್ ಹಾಕಿಸಿ, ಚಳಿ ಅಂತ ಕಿಟಕಿ ಮುಚ್ಚುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ, ವಾಸನೆ ಏನೂ ಇಲ್ಲ. ತಲೆನೋವು, ವಾಕರಿಕೆ ಬರುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಗೀಸರ್ ಹೊರಗಿರಬೇಕು, ನೀರಿನ ಪೈಪು ಮಾತ್ರ ಒಳಗೆ ಬರಬೇಕು.

ಸೈನ್ಸ್_ಮೇಷ್ಟ್ರು
ಸೌದೆ ಒಲೆಗೂ ಅದೇ ಅಪಾಯ ಇದೆ. ಮೊದಲಿನ ಬಚ್ಚಲಿನಲ್ಲಿ ಹಂಚಿನ ಸಂದಿ ಇತ್ತು, ಗಾಳಿಯಾಡುತ್ತಿತ್ತು. ಈಗ ಮೇಲೆ ಸ್ಲ್ಯಾಬ್, ಕೆಳಗೆ ಟೈಲ್ಸ್, ಬಿಗಿಯಾದ ಬಾಗಿಲು. ಪೈಪು ಕಟ್ಟಿಕೊಂಡರೆ ಗಾಳಿ ಹೋಗಲು ದಾರಿಯೇ ಇಲ್ಲ. ಹೊಗೆ ಕಾಣುವಾಗ ನಾವು ಹೊರಗೆ ಓಡುತ್ತೇವೆ. ಕೆಂಡ ಮಾತ್ರ ಉಳಿದಾಗ ಹೊಗೆ ಕಾಣುವುದಿಲ್ಲ, ಮೊನಾಕ್ಸೈಡ್ ಮಾತ್ರ ಬರುತ್ತಿರುತ್ತದೆ.

ದರೆಮನೆ
ಇಷ್ಟೆಲ್ಲ ಓದಿ ಇವತ್ತು ಹಂಡೆಗೆ ಬೆಂಕಿ ಹಾಕಲು ಮನಸ್ಸೇ ಬರಲಿಲ್ಲ. ನೀರನ್ನು ಗ್ಯಾಸಲ್ಲೇ ಕಾಯಿಸಿದೆವು. ಪ್ರತಿ ವರ್ಷ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹೂವು ಕಟ್ಟಿ, ಬಚ್ಚಲೆಲ್ಲ ತೊಳೆಯುತ್ತೇವೆ. ಪೈಪಿನ ಕಡೆ ಯಾರೂ ತಲೆ ಎತ್ತಿ ನೋಡಿದ್ದಿಲ್ಲ. ಮಾವನವರು ಹಾಕಿಸಿದ ಪೈಪು ಅದು.

ಗಾರೆಯಣ್ಣ, ನಾನು ಈಗ ಮನೆಯಲ್ಲೇ ಏನು ನೋಡಬಹುದು?

ಗಾರೆಯವ
ಒಲೆ ಪೂರ್ತಿ ತಣ್ಣಗಾಗಲಿ. ನೇರ ಪೈಪಾಗಿದ್ದರೆ ಬಿಸಿಲಿರುವ ಹೊತ್ತಿನಲ್ಲಿ ಬುಡದಲ್ಲಿ ಕನ್ನಡಿ ಹಿಡಿದರೆ ಆಕಾಶ ಕಾಣಬೇಕು. ನಿಮ್ಮಲ್ಲಿ ಬೆಂಡ್ ಇರುವುದರಿಂದ ಕಾಣುವುದಿಲ್ಲ. ಮೊಬೈಲಿನ ಟಾರ್ಚ್ ಹಾಕಿ, ವಿಡಿಯೋ ಆನ್ ಮಾಡಿ, ಒಲೆಯ ಹಿಂಬದಿಯಿಂದ ಕೈ ಹೋಗುವಷ್ಟು ಒಳಗೆ ಹಿಡಿದು ನೋಡಿ. ಮಾಸ್ಕ್ ಹಾಕಿಕೊಳ್ಳಿ, ತಲೆಗೆ ಬಟ್ಟೆ ಕಟ್ಟಿ. ಏನನ್ನೂ ಕೆರೆಯಬೇಡಿ. ಅಟ್ಟ ಹತ್ತಿ ಪೈಪಿನ ಪಕ್ಕದ ಮರ ಕಪ್ಪಾಗಿದೆಯಾ ನೋಡಿ, ಫೋಟೋ ಹಾಕಿ.

ಸೈನ್ಸ್_ಮೇಷ್ಟ್ರು
ಮಾಸ್ಕ್ ಅಂದರೆ ಸೆರಗಲ್ಲ, ಎನ್95. ಮಸಿ ಸುಮ್ನೆ ಕೊಳೆ ಅಂದುಕೊಳ್ಳಬೇಡಿ. ಲಂಡನ್ನಿನ ಪರ್ಸಿವಲ್ ಪಾಟ್ ಅನ್ನುವ ಸರ್ಜನ್ 1775ರಲ್ಲೇ ಚಿಮಣಿ ಗುಡಿಸುವ ಹುಡುಗರಿಗೆ ದೊಡ್ಡವರಾದ ಮೇಲೆ ಬರುವ ಕ್ಯಾನ್ಸರಿಗೆ ಮಸಿಯೇ ಕಾರಣ ಅಂತ ಬರೆದಿದ್ದ. ಮಾಡುವ ಕೆಲಸದಿಂದ ಕ್ಯಾನ್ಸರ್ ಬರುತ್ತದೆ ಅಂತ ಗುರುತಿಸಿದ ಮೊದಮೊದಲ ಉದಾಹರಣೆ ಅದು. ಕೆಲಸ ಆದ ಮೇಲೆ ಸೋಪು ಹಾಕಿ ಸ್ನಾನ, ಬಟ್ಟೆ ಬೇರೆ ಒಗೆಯುವುದು.

ದರೆಮನೆ
ಫೋಟೋ ಹಾಕಿದ್ದೇನೆ ನೋಡಿ. ಮೊದಲನೆಯದು ಬೆಂಡ್. ಎರಡನೆಯದು ಅಟ್ಟ.

ಗಾರೆಯವ
ಅಟ್ಟದ ಮರ ಕಪ್ಪಾಗಿಲ್ಲ, ಆದರೆ ಒಂದು ಗೇಣು ದೂರ ಮಾತ್ರ ಇದೆ, ಹೊಸ ಪೈಪು ಹಾಕುವಾಗ ಮೇಷ್ಟ್ರು ಹೇಳಿದ 18 ಇಂಚು ಅಂತರ ನೋಡಿಕೊಳ್ಳಬೇಕು. ಬೆಂಡ್ ಮಾತ್ರ ಕಟ್ಟಿಕೊಂಡಿದೆ, ಹೊಳೆಯುವುದು ಫೋಟೋದಲ್ಲೇ ಕಾಣುತ್ತದೆ. ಗುಡಿಸಿ ಪ್ರಯೋಜನ ಇಲ್ಲ. ಸಿಮೆಂಟ್ ಪೈಪು ಪೂರ್ತಿ ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಅಳತೆ ಒಂದು ಸೈಜ್ ದೊಡ್ಡದಿರಲಿ. ಬೆಂಡ್ ಬೇಕೇ ಬೇಕು ಅಂದರೆ ಬುಡದಲ್ಲಿ ಮುಚ್ಚಳ ಇರುವ ಟೀ ಜಾಯಿಂಟ್ (T ಆಕಾರದ ಪೈಪಿನ ತುಂಡು) ಹಾಕಿಸಿ. ಆಗ ಮಾಡು ಹತ್ತುವುದೇ ಬೇಡ, ಕೆಳಗಿಂದಲೇ ರಾಡಿಗೆ ನೈಲಾನ್ ಬ್ರಷ್ ಸಿಕ್ಕಿಸಿ ಗುಡಿಸಬಹುದು, ನೀವೇ ಮಾಡಬಹುದು. ತಲೆಯ ಮೇಲೆ ಟೋಪಿ, ಹಂಚಿನ ಜಾಗಕ್ಕೆ ತಗಡಿನ ಪಟ್ಟಿ. ದರೆಗಾಳಿ ಇರುವುದರಿಂದ ಎತ್ತರ ಸ್ವಲ್ಪ ಜಾಸ್ತಿ ಇಟ್ಟು ತಂತಿ ಎಳೆದು ಕಟ್ಟಬೇಕು.

ಅಸ್ತ್ರ ಒಲೆಯ ಪೈಪನ್ನೂ ಅವತ್ತೇ ನೋಡಿಸಿ. ಆ ಒಲೆ ಕೆಡಿಸಬೇಡಿ, ಒಳ್ಳೆಯ ಒಲೆ.

ಸೈನ್ಸ್_ಮೇಷ್ಟ್ರು
ಹೌದು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆ) ಅಸ್ತ್ರ ವಿಭಾಗದವರು ಮಾಡಿದ ಒಲೆ, ಅದಕ್ಕೇ ಆ ಹೆಸರು. 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ ಶುರುವಾದ ವಿಭಾಗ. 3 ಪಾತ್ರೆ ಇಡುವ ಒಲೆ, ಹೊಗೆ ಪೈಪಲ್ಲಿ ಹೋಗಬೇಕು ಅನ್ನುವುದೇ ಅದರ ಲೆಕ್ಕ. ಪೈಪು ಕಟ್ಟಿಕೊಂಡರೆ ಅದು ಮಾಮೂಲಿ ಒಲೆಗಿಂತ ಕಡೆ.

ಕೆಮ್ಮಣ್ಣು
ಗಾರೆಯಣ್ಣ, ತೀರ್ಥಹಳ್ಳಿ ಕಡೆ ಬರುವುದಾದರೆ ನಮ್ಮ ಬೆಂಕಿಗೂಡನ್ನೂ ಒಮ್ಮೆ ನೋಡಿ. ಬಾಯಿಯ ಅಳತೆ ತೆಗೆದಿದ್ದೇನೆ, 40 ಇಂಚು ಅಗಲ, 32 ಎತ್ತರ. ಪೈಪು 6 ಇಂಚು.

ಗಾರೆಯವ
ಬಾಯಿ 1280 ಚದರ ಇಂಚು ಆಯಿತು, ದಾರಿ 128 ಬೇಕು. 6 ಇಂಚಿನ ಪೈಪಿನಲ್ಲಿ 28 ಸಿಗುತ್ತದೆ. ಬಾಯಿ ತಗ್ಗಿಸಿದರೂ ಸಾಲದು, ಗೂಡೇ ಬೇರೆ ಕಟ್ಟಬೇಕು. ಅಲ್ಲಿಯ ತನಕ ಅತಿಥಿಗಳಿಗೆ ಅಂಗಳದಲ್ಲಿ ಬೆಂಕಿ ಹಾಕಿಕೊಡಿ.

ದರೆಮನೆ ಅಕ್ಕ, ಮುಂದಿನ ವಾರ ಬರುತ್ತೇನೆ, ದಿನಗೂಲಿ ಲೆಕ್ಕ, ಪೈಪು ನೀವೇ ತೀರ್ಥಹಳ್ಳಿಯಲ್ಲಿ ತಂದಿಟ್ಟಿರಿ. ಅಳತೆ ಮೆಸೇಜ್ ಮಾಡುತ್ತೇನೆ. ಹಳೇ ಪೈಪನ್ನು ನಾನು ಬರುವ ತನಕ ಯಾರೂ ಒಡೆಯುವುದು ಬೇಡ. ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕು. ತೋಟದ ಕಾಲುವೆಗೆ ಹಾಕುವುದಲ್ಲ.

ದರೆಮನೆ
ಆಯಿತಣ್ಣಾ. ಮನೆಯವರು ಇವತ್ತೇ ಅದನ್ನು ಒಡೆದು ಗೊಬ್ಬರಗುಂಡಿ ಪಕ್ಕ ಹಾಕುವವರಿದ್ದರು, ತಡೆದೆ. ಊಟ ನಮ್ಮಲ್ಲೇ. ಕಳಲೆ ಸಿಕ್ಕಿದರೆ ಪಲ್ಯ ಮಾಡುತ್ತೇನೆ, ಇಲ್ಲದಿದ್ದರೆ ಕೆಸುವಿನ ಪತ್ರೊಡೆ.

ದೋಟಿ
ಪತ್ರೊಡೆಗೆ ನಾನೂ ಬರುತ್ತೇನೆ. ದೋಟಿ ಮನೆಯಲ್ಲೇ ಬಿಟ್ಟು.